ಜಡ್ಜ್ ಮಗಳನ್ನು ಮಾತಾಡಿಸುತ್ತಾರಂತೆ, ಏನಾದರೂ ಹೇಳಿಕೊಡಬೇಕಾ?

ನಿದ್ದೆಗೆಟ್ಟವ:
ನಮ್ಮ ಡೈವೋರ್ಸ್ ಕೇಸ್ ಎರಡು ವರ್ಷದಿಂದ ಎಳೆಯುತ್ತಿದೆ. ಮಗಳಿಗೆ 8 ವರ್ಷ, ಅಮ್ಮನ ಜೊತೆ ಇದ್ದಾಳೆ. ನನಗೆ ಎರಡು ವಾರಕ್ಕೊಮ್ಮೆ ಶನಿವಾರ, ಕೋರ್ಟಿನ ಮಕ್ಕಳ ಕೋಣೆಯಲ್ಲಿ ಎರಡು ಗಂಟೆ. ಕಸ್ಟಡಿಗೆ ಅರ್ಜಿ ಹಾಕಿದ್ದೇನೆ. ಮುಂದಿನ ಡೇಟಿಗೆ ಮಗುವನ್ನು ಕರೆತನ್ನಿ, ಚೇಂಬರಿನಲ್ಲಿ ಮಾತಾಡಿಸುತ್ತೇನೆ ಎಂದಿದ್ದಾರೆ ಜಡ್ಜ್. ಹೋದ ಸಲ ಬ್ಲಾಕ್ಸ್ ಜೋಡಿಸುತ್ತಾ ತಲೆ ಎತ್ತದೆ ಕೇಳಿದಳು, "ಅಪ್ಪಾ, ಯಾರ ಜೊತೆ ಇರ್ತೀಯ ಅಂತ ಕೇಳಿದ್ರೆ ಏನು ಹೇಳ್ಲಿ?" ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. ಅಲ್ಲಿ ದಿನಾ ಏನು ಕಿವಿಗೆ ಬೀಳುತ್ತೋ ಗೊತ್ತಿಲ್ಲ, ನನಗೆ ಸಿಗೋದು ಎರಡೇ ಗಂಟೆ. ಸ್ವಲ್ಪ ಹೇಳಿಕೊಟ್ಟರೆ ತಪ್ಪಾ?

ನೇರಮಾತು:
ಆ ಕಡೆಯವರು ಹೇಳಿಕೊಡದೆ ಬಿಡ್ತಾರಾ? ನೀವೂ ಹೇಳಿಕೊಡಿ. ಸುಮ್ನೆ ಒಳ್ಳೆಯವರಾಗಿ ಕೂತರೆ ಮಗಳು ಕೈತಪ್ಪುತ್ತಾಳೆ.

ಕಪ್ಪುಕೋಟು:
ಬೇಡ ಸಾರ್, ಈ ಮಾತು ಕೇಳಬೇಡಿ. ಇಂಥ ಕೇಸುಗಳನ್ನೇ ನಡೆಸುವ ವಕೀಲ ನಾನು. ಬಾಯಿಪಾಠ ಮಾಡಿಸಿದ್ದು ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಒಬ್ಬ ಪುಟ್ಟ ಹುಡುಗ "ಅಪ್ಪನಿಗೆ ಜವಾಬ್ದಾರಿ ಇಲ್ಲ" ಅಂದನಂತೆ. ಜವಾಬ್ದಾರಿ ಅಂದರೇನಪ್ಪಾ ಅಂತ ಕೇಳಿದರೆ ಬಾಗಿಲ ಕಡೆ ನೋಡಿದನಂತೆ.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ತಿಳಿದು ಹೇಳುವ ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನು ಕೋರ್ಟ್ ಗಮನಕ್ಕೆ ತಗೊಳ್ಳಬಹುದು. "ಬಹುದು" ಅಷ್ಟೇ. ಕೊನೆಗೆ ತೂಗೋದು ಮಗುವಿನ ಒಳಿತು, ಹಾಗಾಗಿ ಇಡೀ ಕೇಸನ್ನು ಅವಳ ತಲೆ ಮೇಲೆ ಹೊರಿಸಬೇಡಿ. ನೀವು ಹಿಂದೂಗಳಾದರೆ, 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಅನ್ನುವ 1956ರ ಕಾಯ್ದೆಯ ಮಾತಿದೆಯಲ್ಲ, ಆ ವಯಸ್ಸನ್ನೂ ಅವಳು ದಾಟಿದ್ದಾಳೆ.

ನಿಮ್ಮ ವಕೀಲರಿಗೆ ಇನ್ನೊಂದು ಕೇಳಿ. ಎರಡು ವಾರಕ್ಕೆ ಎರಡು ಗಂಟೆ ತುಂಬಾ ಕಮ್ಮಿ. 2020ರ ಯಶಿತಾ ಸಾಹು ಕೇಸಿನಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಕಾರಣ ಇಲ್ಲದಿದ್ದರೆ ಕಸ್ಟಡಿ ಸಿಗದ ಅಪ್ಪನಿಗೋ ಅಮ್ಮನಿಗೋ ದಿನಾ 5-10 ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕು ಇರಬೇಕು, ವಿಡಿಯೋ ಕಾಲ್ ಆದರೆ ಇನ್ನೂ ಒಳ್ಳೆಯದು ಎಂದಿದೆ. ಅದಕ್ಕೊಂದು ಮಧ್ಯಂತರ ಅರ್ಜಿ ಹಾಕಿಸಿ. ಕಸ್ಟಡಿ ಆಗೋವರೆಗೂ ಕಾಯೋದು ಯಾಕೆ?

ಮಲ್ಲಿಗೆಮೊಗ್ಗು:
ನಾನು ಆ ಕುರ್ಚಿಯಲ್ಲಿ ಕೂತು ಬಂದವಳು. ಆಗ 9 ವರ್ಷ, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಜಡ್ಜ್ ಮೊದಲು ಸ್ಕೂಲು, ಫ್ರೆಂಡ್ಸು ಅಂತ ಮಾತಾಡಿಸಿದರು. ಆಮೇಲೆ, ರಾತ್ರಿ ಜ್ವರ ಬಂದರೆ ಯಾರು ಎದ್ದು ಕೂರುತ್ತಾರೆ ಅಂತ ಕೇಳಿದರು. "ಇಬ್ಬರೂ" ಅಂದೆ. ಇಬ್ಬರೂ ಒಂದೇ ಮನೆಯಲ್ಲಿ ಇಲ್ಲದೆ ವರ್ಷ ಆಗಿತ್ತು, ಅದು ಅವರಿಗೂ ಗೊತ್ತು. ಸುಮ್ಮನೆ ತಲೆ ಆಡಿಸಿದರು.

ಆದರೆ ಜಾಸ್ತಿ ಕಷ್ಟ ಆಗಿದ್ದು ಹೊರಗೆ ಬಂದ ಮೇಲೆ. ಬಾಗಿಲು ದಾಟಿದ ಕೂಡಲೇ ಎರಡೂ ಕಡೆಯಿಂದ "ಏನು ಕೇಳಿದ್ರು, ಏನು ಹೇಳಿದೆ?" ಯಾರ ಮುಖ ನೋಡಬೇಕು ಅಂತ ತಿಳಿಯದೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ. ಅಣ್ಣಾ, ಅವತ್ತು ನಿಮ್ಮ ಮಗಳನ್ನು ಏನೂ ಕೇಳಬೇಡಿ. ಹಸಿವಾಗಿದೆಯಾ ಅಂತ ಕೇಳಿ, ಸಾಕು.

ನಿದ್ದೆಗೆಟ್ಟವ:
ಅರ್ಜಿ ಹಾಕಿಸಿದೆ ವಕೀಲರೇ. ಈ ಶನಿವಾರ ಮಗಳಿಗೆ ಹೇಳಿದೆ, ನಿನಗೆ ಅನ್ನಿಸಿದ್ದು ಹೇಳು, ನಾನೂ ಬೇಜಾರು ಮಾಡಿಕೊಳ್ಳಲ್ಲ, ಅಮ್ಮನೂ ಮಾಡಿಕೊಳ್ಳಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಗೊತ್ತಿಲ್ಲ ಅಂತ ಹೇಳಬಹುದಾ?" ಅಂದಳು. ಹೇಳಬಹುದು ಅಂದೆ. ಹಾಗಾದ್ರೆ ಸರಿ ಅಂತ ಬ್ಲಾಕ್ಸ್ ಡಬ್ಬ ನನ್ನ ಕಡೆ ತಳ್ಳಿದಳು.