ಪರಿಷೆಯಲ್ಲಿ ಹಿರಿಯರ ಫೋಟೋ: ಕೇಳಿ ತೆಗೆಯೋದೋ, ತೆಗೆದು ಕೇಳೋದೋ?

ಹೊಸ ಕಣ್ಣು: ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋಗ್ತಿದ್ದೀನಿ. ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಬಾಡಿ, 18-55 ಕಿಟ್ ಲೆನ್ಸು, 50 ಎಂಎಂ ಎಫ್1.8 ಇದೆ. ರಾಶಿ ಮುಂದೆ ಕೂತ ಅಜ್ಜ-ಅಜ್ಜಿಯರ ಮುಖ ಸಹಜವಾಗಿ ಸಿಗಬೇಕು, ಅವರಿಗೆ ಮುಜುಗರವೂ ಆಗಬಾರದು. ಕೇಳಿದ್ರೆ ಸೆಟೆದು ಕೂರ್ತಾರೆ, ಕೇಳದಿದ್ರೆ ಕದ್ದಂಗಾಗತ್ತೆ. ನೀವೆಲ್ಲ ಹೇಗೆ ಮಾಡ್ತೀರಿ?

ಜೂಮ್ ಮಾರಿದವನು: 70-200 ಎಫ್2.8 ಜೂಮ್ ಲೆನ್ಸು ಅರ್ಧ ಬೆಲೆಗೆ ಮಾರಿ 50 ಎಂಎಂಗೆ ಇಳಿದವನ ಮಾತು ಇದು. ಒಂದೂವರೆ ಕೇಜಿ ತೂಕ, ರಸ್ತೆ ಆಚೆ ನಿಂತು ಗುರಿ ಇಡೋ ಭಂಗಿ. ಅಜ್ಜಿಗೆ ಕಾಣದಿದ್ರೂ ಪಕ್ಕದ ರಾಶಿಯವನಿಗೆ ಕಾಣತ್ತೆ, ಗಲಾಟೆ ಶುರುವಾಗೋದೇ ಅಲ್ಲಿಂದ.

ಎಪಿಎಸ್-ಸಿ ಮೇಲೆ 50 ಅಂದ್ರೆ ಫುಲ್‌ಫ್ರೇಮಿನ (ದೊಡ್ಡ ಸೆನ್ಸರಿನ) 75ರ ನೋಟ. ಒಂದೂವರೆ ಮೀಟರ್‌ಗೆ ತಲೆ-ಭುಜ ತುಂಬತ್ತೆ, ಸೇರು ಹಿಡಿದ ಕೈಯೂ ಬೇಕಂದ್ರೆ ಎರಡೂಕಾಲು ಮೀಟರ್. ಕಿಟ್ ಲೆನ್ಸಿನ 18ರಲ್ಲಿ ಅರ್ಧ ಮೀಟರ್‌ಗೆ ನುಗ್ಗಬೇಡಿ. ಮೂಗು ಉಬ್ಬಿ ಕಿವಿ ಹಿಂದೆ ಓಡತ್ತೆ; ಕೆನ್ನೆ ಒಳಗೆ ಹೋದ ಮುಖಕ್ಕೆ ಅದು ಅಣಕದಂಗೆ. ಅಪರ್ಚರ್ ಪೂರ್ತಿ ತೆರೆಯೋ ಎಫ್1.8ರ ಆಸೆಯೂ ಬಿಡಿ. ಒಂದೂವರೆ ಮೀಟರ್‌ನಲ್ಲಿ ಫೋಕಸ್ ಆಳ ಆರೇಳು ಸೆಂಟಿಮೀಟರ್ ಅಷ್ಟೇ, ಕಣ್ಣು ಹುಡುಕೋ ಆಟೋಫೋಕಸ್ ದಪ್ಪ ಕನ್ನಡಕದ ಫ್ರೇಮಿಗೆ ಕಚ್ಚಿಕೊಂಡ್ರೆ ಕಣ್ಣೇ ಹೋಯ್ತು. ಎಫ್4ಕ್ಕೆ ಹದಿನಾಲ್ಕು ಸಿಗತ್ತೆ.

ಕ್ಯಾಮೆರಾ ಎದೆ ಮೇಲೆ ಕಾಣೋ ಹಾಗೆ ಇರಲಿ. ಹಿಂದಿನಿಂದ, ಪಕ್ಕದಿಂದ ಮಾತಾಡಿಸಬೇಡಿ. ಕಿವಿ ಮಂದ ಇದ್ರೆ ಬೆಚ್ಚಿಬೀಳ್ತಾರೆ. ಎದುರಿಗೆ ಬಂದು, ಕುಕ್ಕರಗಾಲಲ್ಲಿ ಕೂತು, ಕೇಳಿ. ಮೊದಲ ಎರಡು ಫ್ರೇಮು ಗುರುತಿನ ಚೀಟಿ ಫೋಟೋ ಥರವೇ ಬರತ್ತೆ. ತೆಗೀರಿ, ಕ್ಯಾಮೆರಾ ಇಳಿಸಿ, ಅರ್ಧ ಸೇರು ಕಾಯಿ ಕೇಳಿ. ಸೇರು ತುಂಬಿ ಮೇಲೆ ಗೋಪುರ ಮಾಡಿ, ಬೀಳೋ ಕಾಯನ್ನ ಅಂಗೈಯಲ್ಲಿ ತಡೀತಾರಲ್ಲ, ಆಗ ಕ್ಯಾಮೆರಾ ಮರೆತಿರ್ತಾರೆ. ನಿಮ್ಮ ಫೋಟೋ ಅದೇ.

ಕುಡ್ಲದ ಕ್ಯಾಮೆರಾ: ಎಂತ ಮಾರಾಯ್ರೆ, ಕೇಳಿ ತೆಗೆದದ್ದು ಸಹಜ ಹೇಗಾಗ್ತದೆ? ಮೊದಲು ಒಂದು ತೆಗೀಬೇಕು, ಕೂಡಲೇ ಹೋಗಿ ತೋರಿಸ್ಬೇಕು, ಬೇಡ ಅಂದ್ರೆ ಅವರೆದುರೇ ಅಳಿಸ್ಬೇಕು. ಅಳಿಸೋದ್ರಲ್ಲೂ ಮೋಸ ಉಂಟು. ಎರಡು ಕಾರ್ಡಿನ ಕೆಲವು ಬಾಡಿಗಳಲ್ಲಿ ಒಂದರಲ್ಲಿ ಅಳಿಸಿದ್ರೆ ಇನ್ನೊಂದರಲ್ಲಿ ಉಳೀತದೆ. ಬ್ಲೂಟೂತ್‌ನಲ್ಲಿ ಫೋನಿಗೆ ತಾನಾಗಿ ಹೋಗುವಂತೆ ಇಟ್ಟಿದ್ರೆ ಅದಾಗಲೇ ಅಲ್ಲಿಗೆ ಹೋಗಿರ್ತದೆ.

ತೋರಿಸುವುದು ಅಂದ್ರೆ ಮೂರು ಇಂಚಿನ ಪರದೆ ಮೂಗಿನ ಹತ್ತಿರ ಹಿಡಿಯುವುದಲ್ಲ. ಚಾಳೀಸು ಬಂದ ಕಣ್ಣಿಗೆ ತೋಳುದ್ದ ದೂರ ಬೇಕು, ಮುಖ ದೊಡ್ಡದು ಮಾಡಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಅಂಗೈಯಲ್ಲಿ ನೆರಳು ಹಿಡಿಯಿರಿ. ಪೊರೆ ಬಂದವರಿಗೆ ಅಷ್ಟಾದ್ರೂ ಕಾಣುವುದಿಲ್ಲ, ಕಾಗದವೇ ಆಗ್ಬೇಕು. ಅದಕ್ಕೆ ಡೈ-ಸಬ್ (ರಿಬ್ಬನ್ನಿನ ಬಣ್ಣವನ್ನು ಬಿಸಿಯಲ್ಲಿ ಕಾಗದಕ್ಕೆ ಹತ್ತಿಸುವ) ಪ್ರಿಂಟರ್ ಹೊತ್ತದ್ದು. ಕಾಗದ-ರಿಬ್ಬನ್ ಸೇರಿ ಹಾಳೆಗೆ 25 ರೂಪಾಯಿ ಲೆಕ್ಕ, ಬ್ಯಾಟರಿ ಬೇರೆ, ಕೆಟ್ಟ ಹಾಳೆಗಳ ದಂಡ ಬೇರೆ. ಹಳದಿ, ಮಜೆಂಟಾ, ಸಯಾನ್, ಮೇಲೊಂದು ಪಾರದರ್ಶಕ ಲೇಪ ಅಂತ ಕಾಗದ ನಾಲ್ಕು ಸಲ ಒಳಗೆ ಹೊರಗೆ ಹೋಗ್ತದೆ. ಪ್ರತಿ ಸಲ ಹಿಂದಿನಿಂದ ಹೊರಗೆ ಇಣುಕ್ತದೆ. ಕಡಲೆ ಸಿಪ್ಪೆಯ ಧೂಳು ಒಂದು ಕಣ ಕೂತರೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ, ಕೆನ್ನೆ ಮೇಲೆ ಬಿಳಿ ಚುಕ್ಕೆ. ಇಡೀ ಪ್ರಿಂಟರಿಗೆ ದೊಡ್ಡ ಪ್ಲಾಸ್ಟಿಕ್ ಚೀಲ ಮುಚ್ಚಿ ಓಡಿಸಿ.

ಜೂಮ್ ಮಾರಿದವನು: ಚೀಲ ಮುಚ್ಚಿದ ಪ್ರಿಂಟರು ಹೊತ್ಕೊಂಡು ಪರಿಷೇಲಿ ಓಡಾಡೋರು ನನ್ನ ಜೂಮಿಗೆ ನಗೋ ಹಾಗಿಲ್ಲ ಬಿಡಿ.

ಕುಡ್ಲದ ಕ್ಯಾಮೆರಾ: ನಗ್ಲಿಲ್ಲ. ಅರ್ಧ ಸೇರು ಕಾಯಿಗೆ ಮುಖ ಕೊಂಡುಕೊಳ್ಳುವುದಕ್ಕಿಂತ ಇದು ವಾಸಿ ಅಂದೆ.

ಧಾರವಾಡದ ಬಿಸಿಲು: ನೀವಿಬ್ರೂ ಜಗಳಾಡ್ರಿ. ಬೆಳಕಿನ ಮಾತ ಒಬ್ರೂ ಎತ್ತಂಗಿಲ್ಲ. ಬಿಳಿ ರುಮಾಲು, ಬಿಳಿ ಅಂಗಿ, ಬಿಳಿ ಧೋತರ ಫ್ರೇಮ್ ತುಂಬಿದ್ರ ಮೀಟರು ಮೋಸಹೋಗಿ ಮುಖ ಕರ್ರಗ ಮಾಡತದ, ಎಕ್ಸ್‌ಪೋಷರ್ +0.7 ಕೊಡ್ರಿ. ಅದೇ ಅಜ್ಜ ಕತ್ತಲ ಅಂಗಡಿ ಮುಂದ ಕುಂತಿದ್ರ ಉಲ್ಟಾ, ರುಮಾಲು ಸುಟ್ಟು ಬಿಳಿ ಹಾಳಿ ಆಗತದ, ‑0.7, ಮುಖದ ನೆರಳು ಆಮ್ಯಾಲ ರಾ (RAW) ಫೈಲಿನಾಗ ಎತ್ತಬಹುದು. ಸುಟ್ಟ ಬಿಳಿ ಮಾತ್ರ ತಿರುಗಿ ಬರಂಗಿಲ್ಲ. ಮಧ್ಯಾಹ್ನದ ನೆತ್ತಿ ಬಿಸಿಲಾಗ ಕಣ್ಣು ಗುಳಿಯಾಗ ಮುಚ್ಚಿಹೋಗತಾವು. ಟಾರ್ಪಾಲಿನ ನೆರಳು ಹುಡುಕ್ರಿ, ಆದ್ರ ನೀಲಿ ಟಾರ್ಪಾಲ್ ಬ್ಯಾಡ, ಮುಖ ಹೆಣದ ಬಣ್ಣ ಆಗತದ.

ಸಂಜಿಮುಂದ ಎಲ್‌ಇಡಿ ಬಲ್ಬು ಹತ್ತಿದ ಮ್ಯಾಲ ಸೈಲೆಂಟ್ ಶಟರ್ ಹಾಕಿದ್ರ ಮುಖದ ಮ್ಯಾಲ ಅಡ್ಡ ಪಟ್ಟಿ ಬರತಾವು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗತದ. ಮೆಕ್ಯಾನಿಕಲ್ ಶಟರ್ ಹಾಕಿ 1/100 ಸೆಕೆಂಡಿಗೆ ಇಡ್ರಿ. ಸಪ್ಪಳ ಆಗತದಂದ್ರ ಆಗಲಿ, ಕದ್ದು ತೆಗಿಯಾಕತ್ತಿಲ್ಲಲ್ಲ?

ಇನ್ನ ಎಡಿಟಿಂಗ್. ಕ್ಲ್ಯಾರಿಟಿ +60 ಹಾಕಿ, ಕಪ್ಪು-ಬಿಳುಪು ಮಾಡಿ, ಸುಕ್ಕನ್ನ ಬಿರುಕು ಬಿಟ್ಟ ಕೆರಿ ಮಾಡೋ ಮಂದಿಗೆ ಏನನ್ನೂಣ? ಕಪ್ಪು-ಬಿಳುಪಿನಾಗ ಕಿತ್ತಳೆ ಸ್ಲೈಡರ್ ಇಳಿಸಿದ್ರ ಚರ್ಮ ಕಪ್ಪಾಗಿ ಪ್ರತಿ ಗೆರಿ ಎದ್ದು ಕಾಣತದ, +10, +15 ಏರಿಸ್ರಿ. ಕರಿಗುಡ್ಡಿ ಸುತ್ತ ಬೂದು-ನೀಲಿ ಬಳೆ ಇರತದಲ್ಲ, ಅದು ವಯಸ್ಸಿನ ಗುರುತು. ಕಣ್ಣು ಬೆಳ್ಳಗ ಮಾಡೋ ಬ್ರಷ್ ಅಲ್ಲಿ ಆಡಿಸಿದ್ರ ಕಣ್ಣು ಗಾಜಿನ ಗೋಲಿ ಆಗತದ.

ಹನ್ನೆರಡೇ ಫ್ರೇಮು: ಡಿಜಿಟಲ್‌ನವರ ಪಾಡೇ ಇಷ್ಟು. ನಂದು ಯಾಶಿಕಾ ಮ್ಯಾಟ್ ಫಿಲ್ಮ್ ಕ್ಯಾಮೆರಾ, 120 ರೋಲಿಗೆ ಹನ್ನೆರಡು ಫ್ರೇಮು. ಸೊಂಟದ ಮಟ್ಟದಲ್ಲಿ ಹಿಡಿದು ತಲೆ ಬಗ್ಗಿಸಿ ನೋಡ್ಬೇಕು, ಎದುರಿನವರಿಗೆ ಅದು ನಮಸ್ಕಾರದ ಹಾಗೆ ಕಾಣತ್ತೆ. ಹತ್ತಿರದ ಫೋಕಸ್ ಒಂದು ಮೀಟರ್, ಹಾಗಾಗಿ ಮೈಮೇಲೆ ಬೀಳೋಕೂ ಆಗಲ್ಲ.

ಕುಡ್ಲದ ಕ್ಯಾಮೆರಾ: ಬೇಡ ಅಂದ್ರೆ ಫಿಲ್ಮಲ್ಲಿ ಅಳಿಸುವುದು ಹೇಗೆ ಸ್ವಾಮಿ? ಉತ್ತರ ಕೊಟ್ಟು ಆಮೇಲೆ ನಮಸ್ಕಾರ ಮಾಡಿ.

ಹನ್ನೆರಡೇ ಫ್ರೇಮು: ಆ ಫ್ರೇಮು ಪ್ರಿಂಟ್ ಮಾಡದೆ ಬಿಡೋದು. ನಂಬಿಕೆ ಅಂತ ಒಂದಿರತ್ತೆ.

ಕಲಂ ಕಾನೂನು: ನಂಬಿಕೆ ಸರಿ, ಕಾನೂನೂ ಇದೆ. ಸಾರ್ವಜನಿಕ ಜಾಗದಲ್ಲಿ ಫೋಟೋ ತೆಗೆಯೋದಕ್ಕೆ ಒಟ್ಟಾರೆ ನಿಷೇಧ ಇಲ್ಲ. ಆದರೆ ಜಾಹೀರಾತಿಗೆ, ಸ್ಟಾಕ್ ಸೈಟಿಗೆ ಕೊಡೋದಾದ್ರೆ ಬರಹದ ಒಪ್ಪಿಗೆ ತಗೊಳ್ಳಿ, ಅವರಿಗೆ ಓದಿ ಹೇಳಿ, ಓದಿ ಹೇಳಿದವರ ಸಹಿಯೂ ಇರಲಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿ ಮೇಲೆ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86. "ವಯಸ್ಸಾದವರಿಗೆ ಇದೆಲ್ಲ ಎಲ್ಲಿ ಗೊತ್ತಾಗತ್ತೆ" ಅನ್ನೋರು ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಜೂಮ್ ಮಾರಿದವನು: ಪರಿಷೆ ನೂಕುನುಗ್ಗಲಲ್ಲಿ ಫಾರಂ ತುಂಬಿಸ್ಕೊಂಡು ಕೂರೋಣ್ವಾ? ಇಪ್ಪತ್ತು ರೂಪಾಯಿ ಕೈಗಿಡಿ, ಮುಗೀತು.

ಗಾಂಧಿಬಜಾರ್ ಸೊಸೆ: ಮುಗಿಯಲ್ಲ. ಆ ಇಪ್ಪತ್ತು ನೋಡಿ ಮುಂದಿನ ನಾಲ್ಕು ರಾಶಿಯವರು ಕ್ಯಾಮೆರಾಗೆ ಪೋಸು ಕೊಡ್ತಾರೆ, ಹಿಂದೆ ಬರೋರಿಗೆ ಸಹಜ ಫೋಟೋ ಸಿಗಲ್ಲ. ವ್ಯಾಪಾರ ಮಾಡಿ, ಚೌಕಾಸಿ ಮಾಡ್ಬೇಡಿ, ಅಷ್ಟು ಸಾಕು. ಇನ್ನೊಂದು, ಇಲ್ಲಿ ಎಲ್ಲರೂ ಅಜ್ಜಿ ಅಜ್ಜಿ ಅಂತಿದ್ದೀರಿ. ಐವತ್ತೆಂಟರ ಹೆಂಗಸನ್ನ ಅಜ್ಜಿ ಅಂದು ನೋಡಿ, ಫೋಟೋ ಹಾಗಿರಲಿ, ಕಾಯೂ ಸಿಗಲ್ಲ. "ಅಮ್ಮ" ಅನ್ನಿ. ಸೆರಗು, ಕುಂಕುಮ ಸರಿ ಮಾಡ್ಕೊಳ್ತೀನಿ ಅಂದ್ರೆ ಸಹಜತೆ ಹಾಳಾಯ್ತು ಅಂತ ಗೊಣಗದೆ ಕಾಯಿರಿ. ಹಲ್ಲಿನ ಸೆಟ್ಟು ಹಾಕ್ಕೊಳ್ತೀನಿ ಅಂದ್ರೂ ಅಷ್ಟೇ.

ಧಾರವಾಡದ ಬಿಸಿಲು: ನಮ್ಮ ಕಡೆ "ಅಮ್ಮಾ" ಅಲ್ರಿ, "ಅವ್ವಾ".

ಗಾಂಧಿಬಜಾರ್ ಸೊಸೆ: ಅವರು ಕೇಳಿದ್ದು ಬಸವನಗುಡಿ ಬಗ್ಗೆ.

ಹೊಸ ಕಣ್ಣು: ಪ್ರಿಂಟರ್ ಹೊರೋಕಾಗಲ್ಲ. ಇನ್‌ಸ್ಟ್ಯಾಕ್ಸ್ ಮಿನಿ (ಆಗಲೇ ಫೋಟೋ ಹೊರಗೆ ಕೊಡೋ ಕ್ಯಾಮೆರಾ) ಸಾಲತ್ತಾ?

ಕುಡ್ಲದ ಕ್ಯಾಮೆರಾ: ಚಿತ್ರ 62×46 ಮಿಲಿಮೀಟರ್ ಅಷ್ಟೇ, ಪೊರೆ ಕಣ್ಣಿಗೆ ಸಾಕಾಗುವುದಿಲ್ಲ. ಒಬ್ಬರದೇ ಮುಖ ತುಂಬಿಸಿ. ಅಲ್ಲಾಡಿಸ್ಬೇಡಿ, ಬಿಸಿಲಲ್ಲಿ ಇಡ್ಬೇಡಿ, ಒಂದೂವರೆ ನಿಮಿಷ ಕಾಯಿರಿ. ಬಿಸಿ ಲ್ಯಾಮಿನೇಷನ್ ಮಾತ್ರ ಮಾಡಿಸ್ಲೇಬೇಡಿ, ಫಿಲ್ಮು ಹಾಳಾಗ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿಯೇ ಕೊಡಿ. ಫೋಟೋ ಹೋಗುವುದು ಸೊಂಟದ ಚೀಲಕ್ಕೆ, ಅಲ್ಲಿ ಎಲೆ ಅಡಿಕೆ ಜೊತೆ ಸುಣ್ಣದ ಡಬ್ಬಿ ಇರ್ತದೆ.

ಜೂಮ್ ಮಾರಿದವನು: ಎಲೆ ಅಡಿಕೆ ಹಾಕೋದು ನಿಮ್ಮ ಕಡೆ ಜಾಸ್ತಿ ಇರಬೇಕು.

ಕುಡ್ಲದ ಕ್ಯಾಮೆರಾ: ಗಾಂಧಿಬಜಾರಲ್ಲಿ ವೀಳ್ಯದೆಲೆ ಕವಳಿಗೆ ಯಾರಿಗೆ ಮಾರ್ತಾರೆ ಹಾಗಾದ್ರೆ, ನಿಮ್ಮ ಜೂಮಿಗಾ?