ಹಳೆಯ ಸೈಕಲ್ಲನ್ನು ಉಜ್ಜುವ ಮೊದಲು

ಪ್ರಶ್ನೆ: ನಮ್ಮ ಅಜ್ಜ ಓಡಿಸುತ್ತಿದ್ದ ಮೂರು ಗೇರಿನ ಸೈಕಲ್ಲೊಂದು ಬಹಳ ವರ್ಷ ಮೂಲೆಯಲ್ಲಿದ್ದು ತುಕ್ಕು ಹಿಡಿದಿದೆ. ಅದನ್ನು ಶುಚಿಮಾಡುವ ಕ್ರಮವನ್ನೂ ಬೆಲೆ ಅಂದಾಜಿಸುವ ಬಗೆಯನ್ನೂ ಅನುಭವಿಗಳು ದಯವಿಟ್ಟು ತಿಳಿಸಬೇಕು.

ಒಬ್ಬರ ಅನುಭವ: ಮೊದಲು ಉಪ್ಪುಕಾಗದವನ್ನೂ ಬಣ್ಣದ ಡಬ್ಬಿಯನ್ನೂ ದೂರವಿಡಿ. ನನ್ನ ಮೊದಲ ಹಳೆಯ ಸೈಕಲ್ಲಿಗೆ ಆಸೆಪಟ್ಟು ಹೊಸ ಬಣ್ಣ ಹೊಡೆಸಿದಾಗ, ಫ್ರೇಮಿನ ಮೇಲಿದ್ದ ಚಿನ್ನದ ಬಣ್ಣದ ಸಣ್ಣ ಗೆರೆಗಳೂ ಕಂಪನಿಯ ಅಕ್ಷರಗಳೂ ಮುಚ್ಚಿಹೋದವು. ನೋಡಲು ಬಂದ ಸಂಗ್ರಹಕಾರರು ಮೊದಲು ಹುಡುಕಿದ್ದು ಅವನ್ನೇ. ಅಲ್ಲಲ್ಲಿ ಕಿತ್ತುಹೋಗಿದ್ದರೂ ಮೂಲ ಬಣ್ಣವೇ ಇರುವ ಸೈಕಲ್ಲಿಗೆ ಅಂಥವರಲ್ಲಿ ಹೆಚ್ಚು ಬೆಲೆಯಿದೆ ಎಂಬುದನ್ನು ನಾನು ಕಲಿತದ್ದು ಹಾಗೆ.

ಹಿಂದಿನ ಚಕ್ರದ ಹಬ್ (ಗೇರುಗಳು ಒಳಗಿರುವ ನಡುಭಾಗ) ಸ್ಟರ್ಮೀ-ಆರ್ಚರ್ ಕಂಪನಿಯದಾಗಿದ್ದರೆ, ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಅದರ ಮೇಲಿನ ಕಪ್ಪು ಜಿಡ್ಡನ್ನು ಒರೆಸಿ ನೋಡಿ. ಎಡಬ್ಲ್ಯೂ (AW) ಎಂಬ ಅಕ್ಷರಗಳ ಜೊತೆಗೆ 62 ಮತ್ತು 9 ಎಂಬ ಅಂಕಿಗಳು ಒತ್ತಿದ್ದರೆ, ಆ ಹಬ್ 1962ರ ಸೆಪ್ಟೆಂಬರಿನದು. ಆದರೆ ಚಕ್ರವನ್ನು ನಡುವೆ ಯಾವಾಗಲೋ ಬದಲಿಸಿರಬಹುದಾದ್ದರಿಂದ, ಸೀಟಿನ ಕೆಳಗೋ ಪೆಡಲಿನ ಅಚ್ಚು ಹಾಯುವ ಕೊಳವೆಯ ಅಡಿಯಲ್ಲೋ ಇರುವ ಫ್ರೇಮಿನ ಸಂಖ್ಯೆಯನ್ನೂ ಬರೆದುಕೊಳ್ಳಿ.

ಕ್ರೋಮಿನ ಮೇಲಿನ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಉಂಡೆಯೊಂದು ಸಾಕು. ಅದನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ತಿಕ್ಕಿದರೆ ಕಂದುಬಣ್ಣದ ರಾಡಿ ಬಿಟ್ಟುಕೊಳ್ಳುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದುವಾದ್ದರಿಂದ ಗೀರು ಬೀಳುವುದಿಲ್ಲ. ಕ್ರೋಮೇ ಎದ್ದುಹೋದ ಕಡೆ ಹೊಳಪು ಮರಳದು, ಅಲ್ಲಿ ತೆಳುವಾಗಿ ಎಣ್ಣೆ ಸವರಿ ಬಿಡಿ. ಫ್ರೇಮಿಗೆ ಸೋಪಿನ ನೀರು, ಮೆತ್ತನೆಯ ಬಟ್ಟೆ, ಕೊನೆಗೆ ಮೇಣ ಇಷ್ಟೇ ಸಾಕು. ಅಕ್ಷರಗಳಿರುವ ಕಡೆ ಒತ್ತಿ ಉಜ್ಜಬೇಡಿ.

ಮತ್ತೊಬ್ಬರ ಅನುಭವ: ಮೇಲಿನವರು ಹೇಳಿದ್ದೆಲ್ಲ ಸರಿ. ಕ್ರ್ಯಾಂಕನ್ನು, ಅಂದರೆ ಪೆಡಲಿನ ತೋಳನ್ನು, ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನಿನ ಬಗ್ಗೆ ಮಾತ್ರ ಎಚ್ಚರಿಸಬೇಕೆನಿಸಿತು. ಅದನ್ನು ಬಿಚ್ಚುವಾಗ ನಟ್ಟನ್ನು ಪೂರ್ತಿ ಕಳಚಿ ಸುತ್ತಿಗೆಯಿಂದ ಹೊಡೆದರೆ ಪಿನ್ನಿನ ತಿರುಪಿನ ಎಳೆ ಹಾಳಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಟ್ಟು, ನಟ್ಟನ್ನು ಪಿನ್ನಿನ ತುದಿಗೆ ಸಮವಾಗುವಷ್ಟೇ ಸಡಿಲಿಸಿ, ಕ್ರ್ಯಾಂಕಿನ ಅಡಿಗೆ ಗಟ್ಟಿ ಆಸರೆ ಕೊಟ್ಟು ಹೊಡೆಯಬೇಕು.

ಬೆಲೆಯ ವಿಷಯದಲ್ಲಿ, ಮಾರುವವರು ಹೇಳುವ ಮೊತ್ತವನ್ನಲ್ಲ, ಅದೇ ಮಾದರಿಯ, ಅದೇ ಸ್ಥಿತಿಯ ಸೈಕಲ್ಲುಗಳು ನಿಜವಾಗಿ ಮಾರಾಟವಾದ ಮೊತ್ತವನ್ನು ನೋಡಿ. ಹಳೆಯ ಪಂಪು, ಬೆಲ್ಲು, ಡೈನಮೋ ದೀಪ ಕೆಟ್ಟಿದ್ದರೂ ಎಸೆಯಬೇಡಿ. ಅವೆಲ್ಲವೂ ಸೈಕಲ್ಲಿನ ಜೊತೆಗೇ ಇರಲಿ.