ನೀಲಿ ರೇಖೆ, ಕೆಂಪು ರೇಖೆ ಮತ್ತು ಸೊಸೈಟಿಯ ಗೋಡೆ: ಪುಣೆ ಕನ್ನಡಿಗರ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಸಿಂಹಗಡ ರಸ್ತೆ): ನಮಸ್ಕಾರ್ರೀ ಸರ್. ವಿಠ್ಠಲವಾಡಿ ಕಡೆ ಒಂದು ರೀಸೇಲ್ ಫ್ಲ್ಯಾಟ್ ನೋಡೀವಿ, ಮೊದಲನೇ ಮಜಲಿ, ಕೆಳಗ ಪಾರ್ಕಿಂಗ್. "ನೀಲಿ ರೇಷೆ ಹೊರಗ ಐತಿ, ಪಾಲಿಕೆ ಪರ್ಮಿಶನ್ನೂ ಐತಿ, ಚಿಂತಿ ಬ್ಯಾಡ" ಅಂತಾನ ಏಜೆಂಟ. ಹಂಗಂದ್ರ ನೀರು ಬರಂಗಿಲ್ಲ ಅಂತನ? ಯಾವ ಕಾಗದ ನೋಡಬೇಕ್ರೀ?

ಉತ್ತರ (ನೀರಾವರಿ ಎಂಜಿನಿಯರ್): ಹಾಗಲ್ಲರೀ. ಮಹಾರಾಷ್ಟ್ರದಲ್ಲಿ ನೀಲಿ ರೇಖೆ ಅಂದರೆ ಸರಾಸರಿ 25 ವರ್ಷಕ್ಕೊಮ್ಮೆ ಬರುವ ನೆರೆ ಮುಟ್ಟುವ ಗಡಿ. ಕೆಂಪು ರೇಖೆ 100 ವರ್ಷದ್ದು. ಮುಠಾ ನದಿಗೆ ಈ ಎರಡು ಲೆಕ್ಕ 60,000 ಮತ್ತು 1 ಲಕ್ಷ ಕ್ಯೂಸೆಕ್. "ನೂರು ವರ್ಷಕ್ಕೊಮ್ಮೆ ತಾನೇ" ಅನ್ನಬೇಡಿ; ಪ್ರತಿ ಮಳೆಗಾಲಕ್ಕೂ ನೂರರಲ್ಲಿ ಒಂದು ಸಾಧ್ಯತೆ ಅಂತ ಅದರ ಅರ್ಥ. 30 ವರ್ಷ ಆ ಮನೆಯಲ್ಲಿದ್ದರೆ ಕೆಂಪು ರೇಖೆಯ ನೆರೆ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26, ನೀಲಿಯದು ಶೇ. 70. ಸಾಲದ ಕಂತು ತೀರುವುದರೊಳಗೆ, ಅಂದುಕೊಳ್ಳಿ.

ನಿಯಮ ಹೀಗಿದೆ. 2020ರ ಯುಡಿಸಿಪಿಆರ್ (ಮಹಾರಾಷ್ಟ್ರದ ಏಕೀಕೃತ ಕಟ್ಟಡ ನಿಯಮಾವಳಿ) ಪ್ರಕಾರ ನದಿದಂಡೆಯಿಂದ ನೀಲಿ ರೇಖೆಯವರೆಗೆ ಹೊಸ ಕಟ್ಟಡ ಇಲ್ಲ. ಉದ್ಯಾನ, ಪಾರ್ಕಿಂಗ್, ಕಟ್ಟೆ ಮೇಲಿನ ತರಕಾರಿ ಮಂಡಿ, ಸ್ಮಶಾನ ಇಂಥವಕ್ಕೆ ಮಾತ್ರ ಅವಕಾಶ. ನೀಲಿ-ಕೆಂಪಿನ ನಡುವೆ ಕಟ್ಟಬಹುದು, ಆದರೆ ಕೆಂಪು ರೇಖೆಯ ಮಟ್ಟಕ್ಕಿಂತ 0.45 ಮೀಟರ್ ಮೇಲೆ. ನಿಮ್ಮ ಏಜೆಂಟರು "ನೀಲಿ ಹೊರಗೆ" ಅಂದದ್ದು ನಿಜವೇ ಇರಬಹುದು. ಕೆಂಪಿನ ಒಳಗೋ ಹೊರಗೋ ಅಂತ ಅವರು ಹೇಳಲಿಲ್ಲ, ನೋಡಿ.

ಹಾಗಾಗಿ "ರೇಖೆ ಎಲ್ಲಿದೆ" ಅಂತ ಕೇಳುವುದನ್ನು ಬಿಟ್ಟು "ಮಟ್ಟ ಎಷ್ಟು" ಅಂತ ಕೇಳಿ. ಪಾಲಿಕೆಯಿಂದ ನಿಮ್ಮ ಸರ್ವೆ ನಂಬರಿನ ಝೋನ್ ದಾಖಲೆ ಮತ್ತು ಡಿಪಿ (ನಗರಾಭಿವೃದ್ಧಿ ಯೋಜನೆ) ಭಾಗನಕ್ಷೆ ತೆಗೆಸಿ. ಎರಡೂ ರೇಖೆ ಅದರಲ್ಲಿ ಇರಬೇಕು. ಆಮೇಲೆ ಪಾಟಬಂಧಾರೆ ಖಾತೆಗೆ (ನೀರಾವರಿ ಇಲಾಖೆಗೆ) ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಒಂದೇ ಸಾಲು ಬರೆಯಿರಿ: "ಈ ಸರ್ವೆ ನಂಬರಿನ ಎದುರಿನ ನದಿ ಅಡ್ಡಛೇದದಲ್ಲಿ ನೀಲಿ ಮತ್ತು ಕೆಂಪು ಪೂರರೇಷೆಯ (ನೆರೆ ರೇಖೆಯ) ಮಟ್ಟ, ಸಮುದ್ರಮಟ್ಟದಿಂದ ಮೀಟರಿನಲ್ಲಿ." ಸಂಖ್ಯೆ ಕೈಗೆ ಬಂದ ಮೇಲೆ ಒಬ್ಬ ಸರ್ವೇಯರ್ ಕರೆಸಿ ಆಟೋ ಲೆವೆಲ್ (ಎತ್ತರ ಅಳೆಯುವ ಉಪಕರಣ) ಇಡಿಸಿದರೆ ಅರ್ಧ ದಿನದ ಕೆಲಸ. ಲೆಕ್ಕಕ್ಕೆಂದು ಹೇಳುತ್ತೇನೆ: ಕೆಂಪು ಮಟ್ಟ 549.20 ಬಂದರೆ ವಾಸದ ನೆಲ 549.65ಕ್ಕಿಂತ ಕೆಳಗಿರಬಾರದು.

ಮೊದಲನೇ ಮಹಡಿಯ ಮನೆಗೆ ಬಹುಶಃ ನೀರು ಬರಲಿಕ್ಕಿಲ್ಲ. ಕೆಳಗಿನ ಮೀಟರ್ ಕೋಣೆ, ಲಿಫ್ಟ್ ಗುಂಡಿ, ನೆಲದಡಿಯ ಕುಡಿಯುವ ನೀರಿನ ತೊಟ್ಟಿ, ಜನರೇಟರ್ ಈ ನಾಲ್ಕರ ಮಟ್ಟವನ್ನೂ ಅದೇ ಸರ್ವೇಯರ್‌ನಿಂದ ತೆಗೆಸಿಕೊಳ್ಳಿ. ನೆರೆ ಇಳಿದ ಮೇಲೆ ದಿನಗಟ್ಟಲೆ ಗೋಳು ಕೊಡುವುದು ಇವೇ.

ಪ್ರಶ್ನೆ (ಅದೇ ಭಾಗದ ಇನ್ನೊಬ್ಬರು): 2024ರ ಜುಲೈ 25ರ ಬೆಳಗಿನ ಜಾವ ಏಕತಾನಗರಿಗೆ ನೀರು ನುಗ್ಗಿದಾಗ ಖಡಕವಾಸಲಾ ಅಣೆಕಟ್ಟಿನಿಂದ ಬಿಟ್ಟದ್ದು ಸುಮಾರು 35,000 ಕ್ಯೂಸೆಕ್. ನೀಲಿ ರೇಖೆಯೇ 60,000ದ್ದು ಅಂದಿರಲ್ಲ ಸರ್, ಇದು ಹೇಗೆ? ಸ್ವಲ್ಪ ಸ್ವಲ್ಪವಾಗಿ ಮೊದಲೇ ಬಿಡಬಾರದೇ?

ಉತ್ತರ (ನೀರಾವರಿ ಎಂಜಿನಿಯರ್): ರೇಖೆ ಅಂದರೆ ಹೊರಗಡಿ. ಅದರ ಒಳಗೆ ತಗ್ಗಿನಲ್ಲಿರುವ ಮನೆಗೆ ನೀರು ಬರಲು 60,000 ಆಗುವ ತನಕ ಕಾಯಬೇಕಿಲ್ಲ. ಅದರ ಮೇಲೆ ಎರಡು ಸೇರುತ್ತವೆ. ಅಣೆಕಟ್ಟಿನ ಕೆಳಗೆ ಬಿದ್ದ ಮಳೆ ಗೇಟಿನ ಲೆಕ್ಕಕ್ಕೆ ಬರುವುದಿಲ್ಲ, ಹಳ್ಳಗಳ ದಾರಿಯಲ್ಲಿ ನೇರ ನದಿಗೆ ಬೀಳುತ್ತದೆ. ಎರಡನೆಯದು, ದಂಡೆಯಲ್ಲಿ ಸುರಿದ ಕಟ್ಟಡದ ರಾಡಾ-ರೋಡಾ (ಒಡೆದ ಕಲ್ಲು-ಮಣ್ಣಿನ ಅವಶೇಷ). ನದಿಯ ಅಗಲ ಕಿರಿದಾದರೆ ಅಷ್ಟೇ ನೀರು ಎತ್ತರಕ್ಕೆ ಏರುತ್ತದೆ. ನಕ್ಷೆಯ ರೇಖೆ ಮಾತ್ರ ಸರ್ವೆ ಮಾಡಿದ ದಿನದಲ್ಲೇ ನಿಂತಿರುತ್ತದೆ.

ಮೊದಲೇ ಬಿಡುವ ವಿಷಯ. ಖಡಕವಾಸಲಾ ಹಿಡಿಯುವುದು 1.97 ಟಿಎಂಸಿ ಅಷ್ಟೇ. ಮೇಲಿನ ಪಾನಶೇತ್ 10.65, ವರಸಗಾಂವ್ 12.82, ಟೆಮಘರ್ 3.71. ಪೂರ್ತಿ ಬರಿದಾದ ಖಡಕವಾಸಲಾಕ್ಕೆ 35,000 ಕ್ಯೂಸೆಕ್ ಹರಿದು ಬಂದರೂ 16 ಗಂಟೆಯೊಳಗೆ ಭರ್ತಿ. ಅರ್ಧ ತುಂಬಿದ್ದರೆ ಎಂಟು ಗಂಟೆ. ಅಂದರೆ ಅದು ನೆರೆ ತಡೆಯುವ ಅಣೆಕಟ್ಟಲ್ಲ. ಬಂದದ್ದನ್ನು ಮುಂದಕ್ಕೆ ದಾಟಿಸುವ ಕಟ್ಟೆ. ಆದರೂ ಮುನ್ಸೂಚನೆ ನೋಡಿ ಹಗಲಲ್ಲೇ 10-15 ಸಾವಿರದಂತೆ ಬಿಟ್ಟು ಜಾಗ ಮಾಡಿಕೊಂಡರೆ ನಡುರಾತ್ರಿಯ ಏರು ತಗ್ಗುತ್ತದೆ. ಅದಕ್ಕೆ ಅಡ್ಡ ಬರುವುದು ಜುಲೈ ತಿಂಗಳ ಭಯ: ಈಗ ಬಿಟ್ಟು, ಮಳೆ ಕೈಕೊಟ್ಟರೆ ಪುಣೆಗೆ ಕುಡಿಯುವ ನೀರೆಲ್ಲಿ? ಈ ತೂಗಾಟದಲ್ಲಿ ನನ್ನ ಓಟು ಹಗಲಲ್ಲಿ ಬಿಡುವುದಕ್ಕೆ.

ಅಣೆಕಟ್ಟಿನ ಬಗ್ಗೆ ಬರುವ ಮರಾಠಿ ಸಂದೇಶದಲ್ಲಿ "ವಿಸರ್ಗ" ಅಂತ ಇರುತ್ತದೆ, ವ್ಯಾಕರಣದ ಎರಡು ಚುಕ್ಕೆಯಲ್ಲ, ಗೇಟಿನಿಂದ ಬಿಡುವ ನೀರು. 1 ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್, 35,000 ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 10 ಲಕ್ಷ ಲೀಟರ್. ಎಷ್ಟು ವಿಸರ್ಗಕ್ಕೆ ನಿಮ್ಮ ಗೇಟಿನ ಬಳಿ ನೀರು ಎಲ್ಲಿಗೆ ಬಂತು ಅಂತ ಕಾಂಪೌಂಡಿನ ಕಂಬದ ಮೇಲೆ ಬಣ್ಣದಲ್ಲಿ ಗುರುತು ಹಾಕಿ, ತಾರೀಖಿನ ಸಮೇತ. ಮೂರು ಮಳೆಗಾಲ ಕಳೆದರೆ ಆ ಕಂಬದ ಮೇಲೆ ನಿಮ್ಮದೇ ಒಂದು ಕೋಷ್ಟಕ ಇರುತ್ತದೆ.

ಪ್ರಶ್ನೆ (ಒಂದು ಸೊಸೈಟಿಯ ಸೆಕ್ರೆಟರಿ): ನದಿ ಕಡೆಯ ಕಾಂಪೌಂಡನ್ನು ಎರಡು ಮೀಟರ್ ಎತ್ತರಿಸಿ ಕಾಂಕ್ರೀಟ್ ಮಾಡೋಣ ಅಂತ ಮೀಟಿಂಗಿನಲ್ಲಿ ತೀರ್ಮಾನ. ಒಡ್ಡಿನ ಸುರಕ್ಷತೆಗೆ ಸರ್ಕಾರದ ಕಾನೂನು ಏನಾದರೂ ಇದೆಯೇ?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್): 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅಣೆಕಟ್ಟಿಗೆ ಮಾತ್ರ. ಅದರ ವ್ಯಾಖ್ಯೆಯಲ್ಲೇ ಕಾಲುವೆ, ನೆರೆ ಒಡ್ಡು, ಬಂಡ್ ಇವನ್ನೆಲ್ಲ ಹೊರಗಿಟ್ಟಿದ್ದಾರೆ. ಅಣೆಕಟ್ಟಿಗೆ ಕಡ್ಡಾಯವಾದ ಮಳೆಗಾಲದ ಮುಂಚಿನ ಮತ್ತು ನಂತರದ ತಪಾಸಣೆ ನದಿ ಒಡ್ಡಿಗೆ ಆ ಕಾಯ್ದೆಯಡಿ ಇಲ್ಲ. ಒಡ್ಡಿಗೆ ಇರುವುದು ಐಎಸ್ 12094 ಎಂಬ ಮಾನಕ: ಹೊಲಗದ್ದೆಗೆ 25 ವರ್ಷದ ನೆರೆ, ಊರಿಗೆ 100 ವರ್ಷದ ನೆರೆ ಹಿಡಿದು ವಿನ್ಯಾಸ, ಆ ನೀರಿನ ಮಟ್ಟದಿಂದ ಒಡ್ಡಿನ ನೆತ್ತಿಗೆ 1.5 ಮೀಟರ್ ಬಿಡುವು, ನದಿ 3,000 ಕ್ಯೂಮೆಕ್ (ಸೆಕೆಂಡಿಗೆ ಅಷ್ಟು ಘನ ಮೀಟರ್) ದಾಟಿದರೆ 1.8. ಮುಠಾದ 1 ಲಕ್ಷ ಕ್ಯೂಸೆಕ್ ಅಂದರೆ 2,830 ಕ್ಯೂಮೆಕ್, ಹಾಗಾಗಿ ಒಂದೂವರೆ. ಆ ಬಿಡುವನ್ನೂ ಸೇರಿಸಿ ನೋಡಿ, ನಿಮ್ಮ ಎರಡು ಮೀಟರ್ ಎಲ್ಲಿಗೆ ಸಾಲುತ್ತದೆ?

ನೀರಿನ ತಳ್ಳುವಿಕೆ ಎತ್ತರದ ವರ್ಗದಂತೆ ಏರುತ್ತದೆ. 1.5 ಮೀಟರ್ ನೀರು ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ 1.1 ಟನ್, 3 ಮೀಟರಿಗೆ 4.5 ಟನ್. ಬುಡದಲ್ಲಿ ಗೋಡೆಯನ್ನು ಉರುಳಿಸುವ ಬಲ ಎಂಟು ಪಟ್ಟು. ಆರಿಂಚಿನ ಬ್ಲಾಕ್ ಗೋಡೆ ಕಳ್ಳಕಾಕರನ್ನು ತಡೆದೀತು, ಇದನ್ನಲ್ಲ. ಹಳೇ ಗೋಡೆಯ ನೆತ್ತಿಯ ಮೇಲೆ ಹೊಸ ಕಾಂಕ್ರೀಟ್ ಏರಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಬುಡ ಹಳೆಯದೇ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಆಂಬಿಲ್ ಓಢಾ (ಹಳ್ಳ) ಉಕ್ಕಿದಾಗ ಸೀಮಾಭಿಂತಿಗಳು (ಕಾಂಪೌಂಡ್ ಗೋಡೆಗಳು) ಕುಸಿದು ಜನ ಸತ್ತರು. ಗೋಡೆ ಇಲ್ಲದಿದ್ದರೆ ನೀರು ಮೆಲ್ಲಗೆ ಏರುತ್ತದೆ. ಗೋಡೆ ಬಿದ್ದರೆ ಹಿಂದೆ ಕೂಡಿಟ್ಟದ್ದೆಲ್ಲ ಒಂದೇ ಸಲ ಮೈಮೇಲೆ.

ಗೋಡೆ ನಿಂತಿತು ಅಂತಲೇ ಇಟ್ಟುಕೊಳ್ಳಿ. ನೀರು ಚರಂಡಿಯಿಂದ ಹಿಮ್ಮುಖವಾಗಿ ಬರುತ್ತದೆ, ಅಂಗಳದ ಮ್ಯಾನ್‌ಹೋಲ್ ಮೊದಲು ಉಕ್ಕುತ್ತದೆ. ನದಿಗೆ ಬೀಳುವ ಪ್ರತಿ ಪೈಪಿಗೂ ಫ್ಲ್ಯಾಪ್ ವಾಲ್ವ್ (ನೀರನ್ನು ಹೊರಗೆ ಮಾತ್ರ ಬಿಡುವ ಮುಚ್ಚಳ) ಬೇಕು; ವಾಲ್ವ್ ಮುಚ್ಚಿದ ಮೇಲೆ ನಿಮ್ಮದೇ ಮಳೆನೀರಿಗೆ ದಾರಿಯಿಲ್ಲ. ಒಂದು ಎಕರೆ ಆವರಣಕ್ಕೆ ಗಂಟೆಗೆ 50 ಮಿ.ಮೀ. ಮಳೆ ಬಂದರೆ ಸೆಕೆಂಡಿಗೆ ಸುಮಾರು 56 ಲೀಟರ್ ಎತ್ತಿ ಹಾಕುವ ಪಂಪು ಬೇಕು, ಅದೂ ವಿದ್ಯುತ್ ಹೋದ ಹೊತ್ತಲ್ಲಿ ಡೀಸೆಲ್ ಮೇಲೆ. ಫ್ಲ್ಯಾಪ್ ವಾಲ್ವಿನ ತುಟಿಗೆ ಒಂದು ಪ್ಲಾಸ್ಟಿಕ್ ಬಾಟಲಿ ಸಿಕ್ಕಿಕೊಂಡರೆ ಅದು ಇದ್ದೂ ಇಲ್ಲದಂತೆ. ಮೇ ತಿಂಗಳಲ್ಲಿ ತೆಗೆದು ತೊಳೆಯಲೇಬೇಕು.

ನೀಲಿ ರೇಖೆಯೊಳಗೆ ಗೋಡೆ ಎತ್ತರಿಸಲು ಪಾಟಬಂಧಾರೆಯ ಒಪ್ಪಿಗೆಯೂ ಬೇಕು, ಏಕೆಂದರೆ ಗೋಡೆ ನೀರನ್ನು ಎದುರು ದಂಡೆಗೆ ತಳ್ಳುತ್ತದೆ. ಆ ದುಡ್ಡನ್ನು ಮೀಟರ್ ಬೋರ್ಡ್ ಮೇಲೆತ್ತಲು ಹಾಕಿ, ಸೆಕ್ರೆಟರಿ ಸಾಹೇಬರೇ.

ನಡುವೆ ಒಂದು ಮಾತು (ವಿಮಾ ಸರ್ವೇಯರ್): 2021ರಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆ ಸೇರಿದೆ. ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ, ಮನೆ ಸಾಮಾನಿಗೆ ತಾನಾಗಿ ಸಿಗುತ್ತದೆ. ಗೋಡೆ ತೊಳೆಯುವ ಮುಂಚೆ ನೀರಿನ ಕಲೆಯ ಪಕ್ಕ ಟೇಪು ಹಿಡಿದು ಫೋಟೋ ತೆಗೆಯಿರಿ. ತಲಾಠಿಯ (ಗ್ರಾಮ ಲೆಕ್ಕಿಗರ) ಪಂಚನಾಮೆಯ ಪ್ರತಿ ಇಟ್ಟುಕೊಳ್ಳಿ. ಮುಳುಗಿದ ಕಾರನ್ನು ಮಾತ್ರ ಸ್ಟಾರ್ಟ್ ಮಾಡಬೇಡಿ, ಎಂಜಿನ್ ಒಳಗೆ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಕವರ್ ಬೇರೆ ತೆಗೆದುಕೊಳ್ಳದಿದ್ದರೆ ಆ ಕ್ಲೈಮು ತಿರಸ್ಕಾರ.

ಪ್ರಶ್ನೆ (ಗೋವಾ): ಇಲ್ಲಿ ಖಾಜನ್ ಗದ್ದೆಯ (ಉಪ್ಪುನೀರು ತಡೆದು ಮಾಡಿದ ತಗ್ಗು ಗದ್ದೆಯ) ಬಾಂದದ, ಅಂದರೆ ಮಣ್ಣಿನ ಒಡ್ಡಿನ, ಬುಡದಲ್ಲಿ ಭರತದ ಹೊತ್ತಿಗೆ ನೀರು ಜಿನುಗುತ್ತದೆ. ಮಣ್ಣು ತುಂಬಿ ಮುಚ್ಚೋಣವೇ?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್): ಒಂದು ಗಾಜಿನ ಲೋಟದಲ್ಲಿ ಆ ನೀರು ಹಿಡಿದು ನೋಡಿ. ತಿಳಿಯಾಗಿದ್ದರೆ ಬರೀ ಒಸರು, ಕಣ್ಣಿಟ್ಟಿರಿ. ಕೆಸರಾಗಿದ್ದರೆ ಬಾಂದದ ಹೊಟ್ಟೆಯ ಮಣ್ಣೇ ಹೊರಬರುತ್ತಿದೆ, ಒಳಗೆ ಬಿಲ ಬೆಳೆಯುತ್ತಿದೆ. ಬಹಳ ಸಲ ಶುರು ಮಾಡಿದ್ದು ಏಡಿ. ಆ ಬಾಯಿಗೆ ಬಿರಡೆ ಹಾಕಬೇಡಿ, ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಸುತ್ತ ಮರಳಿನ ಚೀಲದ ಬಾವಿಕಟ್ಟೆಯಂತೆ ಉಂಗುರ ಕಟ್ಟಿ, ಒಳಗೆ ನೀರು ಏರಲಿ. ಹೊರಬರುವ ನೀರು ತಿಳಿಯಾಗುವ ತನಕ ಕಟ್ಟೆ ಎತ್ತರಿಸಿ, ಅಲ್ಲಿಗೆ ಸಾಕು. ಚೀಲ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ತುಂಬಿ, ಇಟ್ಟಿಗೆಯಂತೆ ಸಂದು ತಪ್ಪಿಸಿ ಜೋಡಿಸಿ. ಗಟ್ಟಿ ತುಂಬಿದ ಚೀಲ ಒಂದಕ್ಕೊಂದು ಕೂರುವುದಿಲ್ಲ. ಇಳಿತ ಬಂದಾಗ ನದಿ ಕಡೆಯಿಂದ ಬಿಲ ಅಗೆದು ಜೇಡಿಮಣ್ಣು ಕುಟ್ಟಬೇಕು. ಮಾನಸಿನ (ಬಾಂದದಲ್ಲಿನ ತೂಬಿನ) ಮರದ ಬಾಗಿಲೂ ನೋಡಿ, ಭರತಕ್ಕೆ ತಾನಾಗಿ ಮುಚ್ಚದಿದ್ದರೆ ಉಪ್ಪುನೀರು ಒಳಗೇ ಬರುತ್ತದೆ. ಅರ್ಜಿಯನ್ನು ಗೇಣಿದಾರರ ಸಂಘದ ಮೂಲಕ ಕೃಷಿ ಖಾತೆಯ ಭೂಸಂರಕ್ಷಣಾ ವಿಭಾಗಕ್ಕೆ ಕೊಡಿ, ಒಂದು ಪ್ರತಿ ಮಾಮಲೇದಾರರಿಗೆ (ತಹಶೀಲ್ದಾರರಿಗೆ).

ಪ್ರಶ್ನೆ (ಹಡಪಸರ): ನಮ್ಮ ಅಪ್ಪಾರು ಅಫಜಲಪುರ ಕಡೆ ಭೀಮಾ ದಂಡಿಗೆ ಹೊಲ ಮಾಡ್ತಾರ. ಉಜನಿ ಡ್ಯಾಮಿನಿಂದ ಎಷ್ಟು ಬಿಟ್ರು ಅಂತ ದಿನಾ ಫೋನ್ ಮಾಡಿ ಕೇಳ್ತಾರ. ಅಷ್ಟು ನೋಡಿದ್ರ ಸಾಕೇನ್ರೀ?

ಉತ್ತರ (ನೀರಾವರಿ ಎಂಜಿನಿಯರ್): ಸಾಲದು. ಪುಣೆಯ ಮುಳಾ-ಮುಠಾ ನೀರು ಭೀಮೆಗೆ ಬಿದ್ದು ಉಜನಿಗೆ ಹೋಗುತ್ತದೆ, ಅದೇನೋ ಸರಿ. 117 ಟಿಎಂಸಿ ಹಿಡಿಯುವ ಉಜನಿ ಖಾಲಿಯಿದ್ದರೆ ಅಲ್ಲೇ ನಿಲ್ಲುತ್ತದೆ, ತುಂಬಿದ್ದರೆ ದಾಟುತ್ತದೆ. ಆದರೆ ನೀರಾ ನದಿ ಉಜನಿಯ ಕೆಳಗೆ, ನೃಸಿಂಹಪುರದ ಹತ್ತಿರ ಸೇರುತ್ತದೆ. ಹಾಗಾಗಿ ನೀರಾ ಮೇಲಿನ ವೀರ್ ಅಣೆಕಟ್ಟಿನ ವಿಸರ್ಗವನ್ನೂ ಕೂಡಿಸಿ ಹೇಳಿ. ಇನ್ನೂ ಕೆಳಗೆ ಹತ್ತರಸಂಗ ಕುಡಲದಲ್ಲಿ ಸೀನಾ ಸೇರುತ್ತದೆ; ಸೋಲಾಪುರ, ಅಹಿಲ್ಯಾನಗರ, ಧಾರಾಶಿವ ಕಡೆ ಮಳೆ ಜೋರಿದ್ದರೆ ಉಜನಿ ಗೇಟು ಮುಚ್ಚಿದ್ದರೂ ಭೀಮೆ ತುಂಬುತ್ತದೆ. ಮೂರನ್ನೂ ಕೂಡಿಸಿ, ಆಮೇಲೆ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿನ ಒಳಹರಿವು ಎಷ್ಟೆಂದು ಕೇಳಿ ತಾಳೆ ನೋಡಿ. ಪಂಪ್‌ಸೆಟ್ಟು ಮೇಲೆತ್ತಬೇಕಾದ್ದು ಸೊನ್ನದ ಸಂಖ್ಯೆ ಏರಿದ ಮೇಲಲ್ಲ, ವೀರ್ ಮತ್ತು ಉಜನಿ ಒಟ್ಟಿಗೆ ಏರತೊಡಗಿದ ದಿನವೇ.